ರೆಕ್ಸಿನ್ ಅಂದದ್ದು ನಾನು

ನಿನ್ನ ಹೆಸರು ಕೆಡಿಸಿದ್ದು ನಾನು, ಶಾಹೀನ್. ನನ್ನ ಜರ್ಕಿನ್ ಅಪ್ಪಟ ಚರ್ಮದ್ದು ಅಂತ ಗೊತ್ತಿದ್ದೂ, ನೀನೇ ಕೂತು ಹೊಲಿದದ್ದನ್ನು ಕಣ್ಣಾರೆ ಕಂಡಿದ್ದೂ, ಮನೆಮಂದಿಯ ಎದುರು ಅದನ್ನು ರೆಕ್ಸಿನ್ ಅಂದವಳು ನಾನು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳೂ ನಾನೇ.

ಜರ್ಕಿನ್ ಹಾಕಿದ್ದಕ್ಕೆ ಮಾತ್ರ ಯಾರ ಮುಂದೆಯೂ ತಲೆ ತಗ್ಗಿಸುವವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಿನಿಮಾ ಹೀರೋ ಬಿರುಬೇಸಿಗೆಯಲ್ಲಿ ಲೆದರ್ ಜರ್ಕಿನ್ ತೊಟ್ಟು ಬೈಕಿನಿಂದ ಇಳಿದರೆ ನಮ್ಮೂರ ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಅಂಥದ್ದೇ ಒಂದನ್ನು ಮೈಸೂರಿನಿಂದ ತಂದು, ಕಾಲರ್ ಎತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ವೀರನಹೊಸಹಳ್ಳಿಯಿಂದ ಹುಣಸೂರಿನ ಲ್ಯಾಬಿಗೆ ದಿನಾ ಮಂಜಿನಲ್ಲಿ ಬೈಕ್ ಓಡಿಸಿಕೊಂಡು ಹೋಗುವ ನಾನು ಹಾಕಿದರೆ ಗಂಡುಬೀರಿ. ಅನ್ನಲಿ. ಕಾಡಂಚಿನ ಚಳಿ ಅವರ ಸ್ಟೈಲಿಗೇನು ಗೊತ್ತು?

ಗಂಡಸರ ಜರ್ಕಿನ್ ನನಗೆ ಭುಜದಲ್ಲಿ ದೊಗಳೆ, ಎದೆಯಲ್ಲಿ ಬಿಗಿ. ನಿಮ್ಮ ಅಬ್ಬಾನ ಸೀಟ್ ಕವರ್ ಅಂಗಡಿಯಲ್ಲಿ ನೀನು ನನ್ನ ಅಳತೆ ತೆಗೆದು, ಎರಡು ಸಲ ಬಿಚ್ಚಿ, ಮತ್ತೆ ಹೊಲಿದು ಕೊಟ್ಟೆ. "ಉಡ್ಗೀರ್‌ಗೆ ಅಂತಾನೇ ಜರ್ಕಿನ್ ಒಲೀತೀನಿ ಕಣೇ, ಆಟೋ ಸೀಟ್ ಸಾಕು," ಅಂದಿದ್ದೆ. ಪಿರಿಯಾಪಟ್ಟಣದಲ್ಲಿ ಬೈಕ್ ಸಾಮಾನಿನ ಅಂಗಡಿ ಇಟ್ಟಿರುವ ನನ್ನ ಸೋದರಮಾವ ಅದನ್ನು ನನ್ನ ಮೈಮೇಲೆ ನೋಡಿಯೇ ನಿನಗೆ ಮೊದಲ ಆರ್ಡರ್ ಕೊಟ್ಟದ್ದು. ಆ ಮಾಲು ಓಡಿದರೆ ತಮ್ಮ ಅಂಗಡಿಯ ಅರ್ಧ ಭಾಗ ನಿನಗೆ ಅಂತ ಅಬ್ಬಾ ಒಪ್ಪಿದ್ದರು.

ನಮ್ಮ ಮನೆಯಲ್ಲಿ ಹೊಸ್ತಿಲೊಳಗೆ ಚರ್ಮ ಬರುವಂತಿಲ್ಲ. ಪೂಜೆಯ ದಿನ ಅಪ್ಪ ಸೊಂಟದ ಬೆಲ್ಟನ್ನೂ ಬಿಚ್ಚಿ ಜಗಲಿಯಲ್ಲೇ ನೇತುಹಾಕುತ್ತಾರೆ. ನಾನೂ ಜರ್ಕಿನ್ನನ್ನು ಅಲ್ಲೇ ಬಿಡುತ್ತಿದ್ದೆ — ಏನು ಎತ್ತ ಅಂತ ಯಾರೂ ಕೇಳಿರಲಿಲ್ಲ. ಮನೆದೇವರ ಪೂಜೆಯ ದಿನ ತಡವಾಗಿ ಬಂದವಳು ಅವಸರದಲ್ಲಿ ಹಾಗೇ ಒಳಗೆ ನಡೆದೆ. ನೆಂಟರೆಲ್ಲ ಕೂತಿದ್ದರು, ಮಾವನೂ ಇದ್ದರು. ಅವ್ವ ಮಂಗಳಾರತಿ ತಟ್ಟೆ ಹಿಡಿದವಳು ನಿಂತುಬಿಟ್ಟಳು.

"ಏನವ್ವ ಅದು ಮೈಮ್ಯಾಲೆ, ಚರ್ಮುದ್ದಾ?"

"ಇಲ್ಲ ಕಣವ್ವ, ರೆಕ್ಸಿನ್ನು."

ಅಷ್ಟೇ. ಪೂಜೆ ಕೆಡಲಿಲ್ಲ. ಮಾವ ಮಾತ್ರ ನನ್ನತ್ತ ತಿರುಗಿ, "ರೆಕ್ಸಿನ್ನಾ? ಚರ್ಮ ಅಂತ ನಂಬ್ಸುದ್ಲಲ್ಲ ಆ ಉಡ್ಗಿ," ಅಂದರು. ಅಕ್ಕನ ಮಗಳೇ ಹೇಳಿದ ಮೇಲೆ ಮುಟ್ಟಿ ನೋಡುವುದೇನು? ಅವರನ್ನು ಜಗಲಿಗೆ ಕರೆದು ಪಿಸುಮಾತಿನಲ್ಲಾದರೂ ನಿಜ ಹೇಳಬಹುದಿತ್ತು — ಹೇಳಲಿಲ್ಲ. ಊಟಕ್ಕೆ ಕೂತೆ. ಪಾಯಸ ಮತ್ತೊಮ್ಮೆ ಹಾಕಿಸಿಕೊಂಡೆ.

ಆರ್ಡರ್ ನಿನ್ನ ಕೈತಪ್ಪಿ ಹೋಯಿತು. ಪಿರಿಯಾಪಟ್ಟಣದ ಮಾತು ಹುಣಸೂರಿನ ಬಜಾರಿಗೆ ಬಂದು, ನಿನಗೆ ರೆಕ್ಸಿನ್ ಶಾಹೀನ್ ಅಂತ ಹೆಸರೇ ಬಿತ್ತು. ಅಬ್ಬಾ ನಿನ್ನನ್ನು ಮತ್ತೆ ಆಟೋ ಸೀಟಿಗೆ ಕೂರಿಸಿದರು. ನೀನು ಲ್ಯಾಬಿನ ಬಾಗಿಲಿಗೆ ಬಂದು ಕೇಳಿದೆ: "ನಿಮ್ಮನೇಲೇ ಕೇಳುಸ್ಕೊಂಡೆ ಅಂತಾರೆ ನಿಮ್ಮಾವ. ಅಂಗಂದೋರು ಯಾರೇ?"

ಗೊತ್ತಿಲ್ಲ ಅಂದೆ. ಹಾಗೆನ್ನುವಾಗಲೂ ನಾನು ತೊಟ್ಟಿದ್ದು ನೀನು ಹೊಲಿದದ್ದನ್ನೇ.

ಮೊನ್ನೆ ಲ್ಯಾಬಿಗೆ ಬಂದ ಹುಡುಗಿಯೊಬ್ಬಳು ಜರ್ಕಿನ್ ಎಲ್ಲಿಯದು ಅಂದಳು. ನಿನ್ನ ಹೆಸರು ಹೇಳಿದೆ. "ಯಾರು, ರೆಕ್ಸಿನ್ ಶಾಹೀನಾ?" ಅಂತ ನಕ್ಕಳು. ಅವಳಿಗೆ ನಿನ್ನ ಮುಖವೂ ಗೊತ್ತಿಲ್ಲ, ಆ ಹೆಸರು ಮಾತ್ರ ಗೊತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನವೇ ಮಾವನ ಅಂಗಡಿಗೆ ಹೋಗಿ, ಗಿರಾಕಿಗಳು ಇರುವಾಗಲೇ ಎಲ್ಲ ಹೇಳಿದೆ. "ಆಗೋಯ್ತು ಬುಡವ್ವ, ಈಗ್ಯಾಕೆ ಕೆದುಕ್ತೀಯ?" ಅಂದರು. ಬಿಡಲಿಲ್ಲ. ಜರ್ಕಿನ್ ತೊಟ್ಟ ತೋಳನ್ನು ಅವರ ಮುಂದೆ ಚಾಚಿ, ಮುಟ್ಟಿ ನೋಡಿ ಅಂದೆ. ಮುಟ್ಟಿದರು.

ಅವ್ವನಿಗೂ ಹೇಳಿದೆ. ಮನೆ ಮೈಲಿಗೆ ಮಾಡಿದೆ ಅಂತ ಜರ್ಕಿನ್ನನ್ನು ಅಂಗಳಕ್ಕೆ ಎಸೆದಳು. ದೇವರ ಮುಂದೆ ಬಡಿಯುವ ತಮಟೆಗೆ ಹೊದಿಸಿರುವುದೇನು ಅಂತ ಕೇಳಿದೆ. ಜರ್ಕಿನ್ನನ್ನು ಎತ್ತಿ ತಂದು ನನ್ನ ಕೋಣೆಯಲ್ಲೇ ನೇತುಹಾಕಿದ್ದೇನೆ. ಇನ್ನು ಅದು ಅಲ್ಲೇ ಇರುತ್ತದೆ. ಆದರೆ ಈ ಪ್ರಶ್ನೆಯನ್ನು ಮಂಗಳಾರತಿ ತಟ್ಟೆಯ ಎದುರು ಕೇಳಬೇಕಿತ್ತು, ಅವತ್ತೇ — ಆಗ ನನ್ನ ಧೈರ್ಯವೆಲ್ಲ ಬೈಕಿನ ಮೇಲಷ್ಟೇ ಇತ್ತು.

ನಿನ್ನೆ ನಿನಗೆ ಫೋನ್ ಮಾಡಿದೆ. ನೀನು ಕೊನೆಯವರೆಗೂ ಕೇಳಿಸಿಕೊಂಡೆ. "ಕೆಲ್ಸ ಐತೆ, ಮಡಗ್ತೀನಿ," ಅಂದು ಇಟ್ಟುಬಿಟ್ಟೆ. ಇನ್ನು ಫೋನ್ ಮಾಡಿ ಕಾಡುವುದಿಲ್ಲ. ಆದರೆ ಆ ಹೆಸರನ್ನು ನನ್ನ ಕಿವಿಗೆ ಬೀಳುವಂತೆ ಯಾರೇ ಅಂದರೂ, ಬಸ್ ಸ್ಟ್ಯಾಂಡಾಗಲಿ, ನೆಂಟರ ಪಂಕ್ತಿಯಾಗಲಿ, ಸುಳ್ಳು ನನ್ನದು ಅಂತ ಅಲ್ಲೇ ಹೇಳುತ್ತೇನೆ. ನೀನು ಕ್ಷಮಿಸಬೇಕಾಗಿಲ್ಲ, ಶಾಹೀನ್. ನಿನ್ನ ಜಾಗದಲ್ಲಿದ್ದರೆ ನಾನೂ ಕ್ಷಮಿಸುತ್ತಿರಲಿಲ್ಲ.