ತುಕ್ಕು ಹಿಡಿದ ಕಂಬಿಯ ಪಕ್ಕ

ನಿನ್ನೆ ಪಾರ್ಕಿನ ಇಳಿಜಾರಿನಲ್ಲಿ ಕಬ್ಬಿಣದ ಸರಳು ಹಿಡಿದು ನಾಲ್ಕು ಹೆಜ್ಜೆ ಇಟ್ಟವಳು, ಮನೆಗೆ ಹೋಗೋಣ ಎಂದುಬಿಟ್ಟೆ. ನಿಮಗೆ ನಗು ಬಂತು. ಒಂದು ಕಣ್ಣು ಮಂಜಾದ ಮೇಲೆ ನನಗೆ ನೆಲದ ಮೇಲೇ ನಂಬಿಕೆಯಿಲ್ಲ, ಮಕ್ಕಳೇ. ಮನೆಗೆ ಬಂದು ಅಂಗೈ ಮೂಸಿದರೆ ತುಕ್ಕಿನ ವಾಸನೆ. ಕೈ ತೊಳೆಯಲು ಮನಸ್ಸಾಗಲಿಲ್ಲ.

ತೊಂಬತ್ತರ ದಶಕದಲ್ಲಿ ನಿಮ್ಮ ತಾತ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸ ಮಾಡುತ್ತಿದ್ದರು. ಬಾಗಲಗುಂಟೆಯಲ್ಲಿ ಒಂದೇ ಕೋಣೆಯ ಶೀಟಿನ ಮನೆ. ಜೊತೆಗೆ ತಾತನ ಅಮ್ಮ, ನನ್ನ ಅತ್ತೆ. ಅವರಿಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ. ಊರಲ್ಲಿ ಹೊಲದ ಬದುವನ್ನು ಅಂಗಾಲಿನಲ್ಲೇ ಗುರುತಿಸಿ ಓಡಾಡುತ್ತಿದ್ದವರು, ಇಲ್ಲಿ ಹೊಸ್ತಿಲ ಮೇಲೆ ಕುಳಿತು ಲಾರಿಗಳ ಸದ್ದು ಕೇಳುತ್ತಿದ್ದರು. ಬರಬರುತ್ತಾ ಊಟ ಬಿಟ್ಟರು, ಮಾತೂ ಬಿಟ್ಟರು.

ಮನೆಗಳ ಹಿಂದೆ, ರಾಗಿ ಹೊಲಗಳ ನಡುವೆ, ಒಂದು ಜೋಡಿ ರೈಲು ಕಂಬಿ ಇತ್ತು. ಯಾವುದೋ ಕಾರ್ಖಾನೆಗೆ ಸರಕು ತರಲು ಹಾಕಿದ್ದಂತೆ. ಕಾರ್ಖಾನೆ ಮುಚ್ಚಿ ಗಾಡಿಯೂ ನಿಂತಿತ್ತು. ಪಕ್ಕದಲ್ಲಿ ಕುರಿಗಳು ತುಳಿದು ಸಮ ಮಾಡಿದ ಕಾಲುದಾರಿ. ಹಳ್ಳವಿಲ್ಲ, ಮೆಟ್ಟಿಲಿಲ್ಲ, ಸ್ಕೂಟರ್ ಬರುವುದಿಲ್ಲ. ಒಂದು ದಿನ ಅತ್ತೆಯನ್ನು ಅಲ್ಲಿಗೆ ಕರೆದೊಯ್ದೆ. ಅವರು ಕಬ್ಬಿಣದ ತುದಿಯ ಕೋಲನ್ನು ಕಂಬಿಯ ಮೇಲಿಟ್ಟು ಎಳೆಯುತ್ತಾ, ನನ್ನ ಕೈ ಬಿಡಿಸಿಕೊಂಡು, ತಾವೇ ನಡೆದರು. ದೂರದ ಒಂದು ಹುಣಸೆಮರದವರೆಗೆ ಹೋಗಿ ವಾಪಸ್ಸು. ಆ ದಿನ ಮುದ್ದೆ ಕೇಳಿ ಹಾಕಿಸಿಕೊಂಡರು. ಅಂದಿನಿಂದ ದಿನವೂ ಅದೇ ದಾರಿ.

ನನಗೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. "ಕಾರ್ಖಾನೆ ಮತ್ತೆ ಶುರುವಾಗುತ್ತಂತೆ. ಗಾಡಿ ಬಿಟ್ರೆ ಆ ಕಡೆ ಕಾಲಿಡಬೇಡಿ" ಎಂದಿದ್ದರು ನಿಮ್ಮ ತಾತ. ಬಿಟ್ಟರೋ ಇಲ್ಲವೋ ಯಾರನ್ನು ಕೇಳಲಿ? ಅಂಗಡಿಯಲ್ಲಿ ಉಪ್ಪು ಕೇಳಲೂ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದವಳು ನಾನು. ನಡುದಾರಿಯಲ್ಲಿ ದಿಬ್ಬ ಕಡಿದು ಮಾಡಿದ ಓಣಿಯೊಂದಿತ್ತು. ಎರಡೂ ಕಡೆ ಆಳೆತ್ತರದ ಮಣ್ಣಿನ ಗೋಡೆ. ಅಲ್ಲಿ ಗಾಡಿ ಬಂದರೆ ಸರಿಯಲು ಜಾಗವೇ ಇಲ್ಲ. ಎಲ್ಲಿಂದಲೋ ಕಾರ್ಖಾನೆಯ ಸೈರನ್ ಕೂಗಿದರೂ ಗಾಡಿಯೇ ಬಂತೆಂದು ಅತ್ತೆಯ ತೋಳು ಹಿಡಿದು ಎಳೆಯುತ್ತಿದ್ದೆ.

ಹೀಗೇ ಕೆಲವು ತಿಂಗಳು ಕಳೆದ ಮೇಲೆ, ಒಂದು ಬೆಳಿಗ್ಗೆ ಅದೇ ಓಣಿಯಲ್ಲಿ ಬಗ್ಗಿ ನೋಡಿದೆ. ಕಂಬಿ ಮಿಂಚುತ್ತಿತ್ತು. ಗಾಡಿ ಓಡಾಡುವ ಕಂಬಿಯೇ ಹಾಗೆ ಮಿಂಚುವುದೆಂದು ನನಗೆ ಗೊತ್ತಿತ್ತು.

"ಗಾಡಿ ಬಿಟ್ಟವ್ರೆ ಅತ್ತೆಮ್ಮಾ! ಕಂಬಿ ಮಿಂಚ್ತೈತೆ. ನಡೀರಿ ಮನೆಗೆ."

"ಆ ಬಾಗ್ಲಾಗೆ ಕುಂಡ್ರುಸಿ ದಿನಾ ಸಾಯ್ಸೋಕಾ? ಗಾಡಿ ಬಂದ್ರೆ ಒಂದೇ ಸಲ ಓಗ್ತೀನಿ." ಅವರು ಗೋಡೆಗೆ ಒರಗಿ ಕುಳಿತೇಬಿಟ್ಟರು. "ಇಲಿ ಕಂಡ್ರೂ ಇಂಗೇ ನಡುಗ್ತೀಯ. ಓಗು, ಎಲ್ಲೀಗಂಟ ಮಿಂಚ್ತೈತೋ ನೋಡ್ಕಂಡು ಬಾ. ನಾನಿಲ್ಲೇ ಕುಂತಿರ್ತೀನಿ."

ಎಳೆದರೂ ಏಳಲಿಲ್ಲ. ಕಣ್ಣಿಲ್ಲದವರನ್ನು ಆ ಓಣಿಯಲ್ಲಿ ಬಿಟ್ಟು ಹೊರಟೆ. ಒಂದೊಂದು ಹೆಜ್ಜೆಗೂ ಹಿಂದೆ ನೋಡುತ್ತಾ, ಮುಂದೆ ಕಿವಿಗೊಡುತ್ತಾ, ಮನೆದೇವರನ್ನೆಲ್ಲ ಕರೆಯುತ್ತಾ ಓಡಿದೆ.

ಹುಣಸೆಮರದ ಹತ್ತಿರ ಮಿಂಚು ನಿಂತುಹೋಗಿತ್ತು. ಮುಂದೆ ಬರೀ ತುಕ್ಕು. ಕಂಬಿಗೆ ಬಳ್ಳಿ ಸುತ್ತಿಕೊಂಡಿತ್ತು. ಆಚೆಯ ಕಂಬಿ ನೋಡಿದೆ, ಅದೂ ಪೂರಾ ತುಕ್ಕು. ಒಂದೇ ಕಂಬಿಯ ಮೇಲೆ, ಹುಣಸೆಮರದವರೆಗೆ ಬಂದು ತಿರುಗಿ ಹೋಗುವ ಗಾಡಿ ಯಾವುದು? ತಿಳಿದ ಕೂಡಲೇ ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.

ಓಣಿಯಲ್ಲಿ ಅತ್ತೆ ಕುಳಿತಲ್ಲೇ ಇದ್ದರು. "ಗಾಡಿ ಸಿಕ್ತೇನೇ?"

"ಗಾಡಿ ಇಲ್ಲ ಅತ್ತೆಮ್ಮಾ. ನಿಮ್ಮ ಕೋಲೇ ಉಜ್ಜಿ ಉಜ್ಜಿ ಕಂಬಿ ಬೆಳಗೈತೆ."

ಅವರು ತಡಕಾಡಿ ಕಂಬಿಯ ಮೇಲೆ ಬೆರಳಾಡಿಸಿದರು. ಹಿಂದಕ್ಕೂ ಮುಂದಕ್ಕೂ ಸವರಿದರು. ಆಮೇಲೆ ಮೆಲ್ಲಗೆ, "ಅಷ್ಟೊಂದು ನಡದಿದೀನಾ?" ಎಂದರು.

ಮರುದಿನವೂ ಹೋದೆವು. ನನ್ನ ಹೆದರಿಕೆಯೂ ಜೊತೆಗೆ ಬಂತು. ಅದು ಇನ್ನೂ ಬಿಟ್ಟಿಲ್ಲ. ಅತ್ತೆ, ನಿಮ್ಮ ತಾತ, ಇಬ್ಬರೂ ಹೋದ ಮೇಲೂ ಇದೆ.

ನಾಳೆ ಪಾರ್ಕಿಗೆ ಬರುತ್ತೇನೆ. ಕೈ ಹಿಡಿಯಬೇಡಿ, ಸರಳು ಸಾಕು. ಇಳಿಜಾರಿನ ತಿರುವಿನಾಚೆ ಏನಿದೆಯೆಂದು ಒಬ್ಬರು ಮೊದಲು ನೋಡಿಕೊಂಡು ಬನ್ನಿ. ಅಲ್ಲಿಯವರೆಗೆ ನಾನು ಅಲ್ಲೇ ಕುಂತಿರುತ್ತೇನೆ.