ಚಿದಂಬರರಾಯರ ಮೂರು ರೆಕ್ಕೆ

ನಾಸಿಕದ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದ ಧಾರವಾಡ ಮೂಲದ ಚಿದಂಬರರಾಯರು ನಿವೃತ್ತಿಯ ದಿನ ಶಾಲು, ಗಡಿಯಾರಗಳ ಜೊತೆಗೆ ತಪ್ಪು ಹುಡುಕುವ ಚಟವನ್ನೂ ನಾಸಿಕದ ಮನೆಗೆ ತಂದರು. ಅಂದಿನಿಂದ ಹೆಂಡತಿ ವನಜಾಬಾಯಿಯ ಚಪಾತಿಗಳಿಗೆ ದಿನಾ ತಪಾಸಣೆ. ದುಂಡಗಿಲ್ಲದ್ದು ಪಕ್ಕಕ್ಕೆ. ಹಾಗಾಗಿ 2011ರಲ್ಲಿ ಮಗ ಪ್ರಣವ್ ಕಾಲೇಜಿನ ಗೆಳೆಯರೊಡನೆ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರ ಕಟ್ಟಲು ಹೊರಟು ಅಪ್ಪನ ಸಲಹೆ ಕೇಳಿದಾಗ, ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ವನಜಾಬಾಯಿ.

ಕರೆಂಟು ಬೇಕಾಗಿದ್ದದ್ದು ಮಲಕವ್ವನಿಗೆ. ಇಂಡಿ ಕಡೆಯ ಈ ಹೆಂಗಸು ರಾಯರ ಹಿಂದಿನ ಓಣಿಯಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದಳು. ಕಲ್ಲುರಾಶಿಯ ಮಗ್ಗುಲಲ್ಲೇ ಅವಳ ತಗಡಿನ ಶೆಡ್ಡು. ಮಗಳು ಮಂಜುಳಾಳ ಕೂಸು ಅಂಬೆಗಾಲಿಡತೊಡಗಿತ್ತು. ಸಂಜೆಯಾದರೆ ಚೇಳುಗಳೂ ಹೊರಡುತ್ತಿದ್ದವು.

"ಒಂದ ದೀಪ ಸಾಕ್ರಿ ಸಾಹೇಬ್ರ. ನೆಲ ಕಂಡ್ರ ಸಾಕು," ಎಂದಿದ್ದಳು.

ದೀಪಾವಳಿಯೊಳಗೆ ಬೆಳಕು ಎಂದು ರಾಯರು ಮಾತು ಕೊಟ್ಟರು.

ರೆಕ್ಕೆ ಕೆತ್ತುವ ಕೆಲಸವನ್ನು ಹುಡುಗರಿಗೆ ಬಿಡುವುದುಂಟೇ? ಯೌವನವನ್ನೆಲ್ಲ ಪ್ರೊಪೆಲ್ಲರ್‌ಗಳ ನಡುವೆ ಕಳೆದವರು ತಾವೇ ಕೂತು ಸಾಗವಾನಿಯಲ್ಲಿ ಮೂರು ರೆಕ್ಕೆ ಕೆತ್ತಿದರು, ತಾವೇ ತಪಾಸಿಸಿ ತಾವೇ ಪಾಸು ಮಾಡಿದರು. ಶ್ರಾವಣದಲ್ಲಿ ಮಲಕವ್ವನ ಶೆಡ್ಡಿನ ಪಕ್ಕ ಯಂತ್ರ ನಿಂತಿತು, ಕಾಲೇಜಿನ ಪ್ರಾಂಶುಪಾಲರು ಬಂದು ರಿಬ್ಬನ್ ಕತ್ತರಿಸಿದರು. ಗಾಳಿ ಜೋರಾಗಿಯೇ ಬೀಸಿತು. ರೆಕ್ಕೆಗಳು ಸರಕಾರಿ ಕಚೇರಿಯ ಗತ್ತಿನಲ್ಲಿ ತಿರುಗಿದವು. ಬಲ್ಬು ಬೀಡಿಯ ತುದಿಯಷ್ಟು ಕೆಂಪಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಲಕವ್ವ ಮಾತ್ರ ಕತ್ತೆತ್ತಿ ನೋಡಿ, "ಮೊರ ಬೋರಲ ಹಿಡದ್ರ ಕಾಳು ನಿಲ್ಲಂಗಿಲ್ರಿ. ಇದರ ಉಬ್ಬು ಗಾಳಿ ಕಡೆ ಐತಲ್ರಿ," ಎಂದಳು.

ರಾಯರು ನಕ್ಕರು. ಆಮೇಲೆ ಆ ಓಣಿಗೆ ಕಾಲಿಡುವುದನ್ನೇ ಬಿಟ್ಟು, ಮನೆಯಲ್ಲೇ ಕೂತು ತಂತಿಯನ್ನು ಬೈದರು, ಅಯಸ್ಕಾಂತವನ್ನು ಬೈದರು, ಹುಡುಗರನ್ನು ಬೈದರು. ಕೊನೆಗೆ ನಾಸಿಕದ ಗಾಳಿಯೇ ಕಳಪೆ ಎಂದು ತೀರ್ಪು ಕೊಟ್ಟರು. ದೀಪಾವಳಿ ಬಂದು ಹೋಯಿತು. ಕಟ್ಟಡ ಮುಗಿಯಿತು, ಗುತ್ತಿಗೆದಾರ ಕೂಲಿಯವರನ್ನೆಲ್ಲ ಇಗತಪುರಿಯ ಕೆಲಸಕ್ಕೆ ಒಯ್ದ.

ಯಂತ್ರ ಬಿಚ್ಚಿಸಲು ಹೋದ ದಿನ ರಾಯರು ಶೆಡ್ಡು ಇದ್ದ ಜಾಗ ನೋಡಿದರು. ಉಳಿದಿದ್ದ ಒಲೆಯ ಕಲ್ಲನ್ನು ಕಾಲಿನಿಂದ ಸರಿಸಿದಾಗ ಅಡಿಯಲ್ಲಿ ಚೇಳಿತ್ತು. ಅವರಿಗೆ ನಾಚಿಕೆಯಾಯಿತು. ಮನೆಗೆ ಬಂದು ರೆಕ್ಕೆಯ ಪಕ್ಕ ವನಜಾಬಾಯಿಯ ಮೊರ ಇಟ್ಟುಕೊಂಡು ಕೂತರು. ತಾವು ಕೆತ್ತಿದ್ದು ಗಾಳಿಯನ್ನು ತಳ್ಳುವ ರೆಕ್ಕೆ. ಬೇಕಾಗಿದ್ದದ್ದು ಮೊರದ ಹಾಗೆ ತಗ್ಗನ್ನು ಗಾಳಿಗೆ ಕೊಟ್ಟು, ಗಾಳಿಯಿಂದ ತಳ್ಳಿಸಿಕೊಳ್ಳುವ ರೆಕ್ಕೆ. ವಿಮಾನಕ್ಕೆ ಕಟ್ಟಿದ್ದರೆ ಚೆನ್ನಾಗಿಯೇ ಹಾರುತ್ತಿತ್ತು.

ಹೊಸದಾಗಿ ಮೂರು ಕೆತ್ತಿ, ಯಂತ್ರವನ್ನು ಟೆಂಪೋಗೆ ಹೇರಿ, ಪ್ರಣವನೊಡನೆ ಇಗತಪುರಿಗೆ ಹೋಗಿ ನಿಲ್ಲಿಸಿದರು. ಮೇಲೇರಿಸುವ ಮೊದಲು ಮಲಕವ್ವ ರೆಕ್ಕೆಗಳ ಮೇಲೆ ಒಂದೊಂದಾಗಿ ಕೈಯಾಡಿಸಿದಳು. ಅಷ್ಟೂ ಹೊತ್ತು ಇನ್‌ಸ್ಪೆಕ್ಟರ್ ಸಾಹೇಬರು ಕೈಕಟ್ಟಿ ನಿಂತಿದ್ದರು.

"ಈಗ ಬರೋಬ್ಬರಿ ಐತ್ರಿ," ಎಂದಳು. "ದೀಪಾವಳಿ ಆದ ಮೂರನೇ ದಿನಕ್ಕ ಕೂಸಿಗೆ ಚೇಳು ಕಡೀತ್ರಿ. ಹೆಂಗೋ ಉಳೀತು. ದೀಪ ಹಚ್ಚರಿ."

ರಾಯರು ಸ್ವಿಚ್ಚು ಒತ್ತಿದರು, ಶೆಡ್ಡಿನ ನೆಲ ಮೂಲೆಮೂಲೆಯವರೆಗೆ ಕಂಡಿತು. ಮರುದಿನ ತಟ್ಟೆಗೆ ಬಿದ್ದ ಚಪಾತಿಯ ಆಕಾರವನ್ನು ಅವರು ನೋಡಲಿಲ್ಲ.