ಅತ್ತೆಯರನ್ನು ಊಟಕ್ಕೆ ಕರೆದದ್ದು

ಯಗಟಿಯಿಂದ ಒಳಗೆ ನಾಲ್ಕು ಮೈಲಿ ಹೋದರೆ ನಮ್ಮೂರು. ಅಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಮಕ್ಕಳನ್ನು ನೋಡಿಕೊಳ್ಳುವುದರ ಜೊತೆಗೆ ಊರಿನ ಬಸುರಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಊಟ ಹಾಕುವುದು ನಮ್ಮ ಕೆಲಸ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು. ಮನೆಗೆ ಕೊಟ್ಟರೆ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆಂದು, ಕೇಂದ್ರಕ್ಕೇ ಬಂದು ಉಣ್ಣಬೇಕೆಂಬ ನಿಯಮ ಮಾಡಿದ್ದಾರೆ. ಆ ನಿಯಮ ಬರೆದವರು ಯಾರೂ ಎಂಟು ತಿಂಗಳ ಹೊಟ್ಟೆ ಹೊತ್ತು ಊರ ಮುಂದೆ ನಡೆದು, ಒಬ್ಬರೇ ಉಂಡು, ಅತ್ತೆ ಕಾಯುತ್ತಿರುವ ಮನೆಗೆ ವಾಪಸು ಹೋದವರಲ್ಲ. ನಮ್ಮ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದರೆ ಬರುತ್ತಿದ್ದವರು ಇಬ್ಬರು.

ಒಂದು ದಿನ ಒಬ್ಬಳ ಅತ್ತೆ ಜಗಳಕ್ಕೇ ಬಂದಳು. ನಮ್ಮ ಮನೇಲಿ ಹಿಟ್ಟಿಲ್ಲವೆಂದು ಊರಿಗೆಲ್ಲ ತೋರಿಸುತ್ತಿದ್ದೀಯಾ ಎಂದು ಬಾಗಿಲಲ್ಲೇ ನಿಂತು ಬೈದಳು. ನಾನು ಒಂದು ತಟ್ಟೆ ಹಾಕಿ, ಉಂಡುಕೊಂಡು ಬೈಯವ್ವ ಅಂದೆ. ಬೈಯುತ್ತಲೇ ಕೂತಳು. ಮೊಟ್ಟೆ ಸುಲಿಯುವ ಹೊತ್ತಿಗೆ ಮಾತು ಬೇರೆ ಕಡೆ ತಿರುಗಿತು. ಅವಳ ಮೊದಲ ಎರಡು ಮಕ್ಕಳು ಹುಟ್ಟಿದ ವಾರದಲ್ಲೇ ಹೋಗಿದ್ದವು. ಮೂರನೆಯದು ಕುರಿಹಟ್ಟಿಯಲ್ಲಿ ಹುಟ್ಟಿತ್ತು, ಅವತ್ತು ಅವಳು ಉಂಡದ್ದು ತಣ್ಣನೆ ಮುದ್ದೆ ಮತ್ತು ಉಪ್ಪುನೀರು. ಮಾರನೆಯ ದಿನ ಸೊಸೆಯ ಕೈ ಹಿಡಿದು ತಾನೇ ಕರೆತಂದಳು.

ಅಲ್ಲಿಂದ ನಾನು ವಾರಕ್ಕೊಮ್ಮೆ ಅತ್ತೆಯರನ್ನೂ ಕರೆಯತೊಡಗಿದೆ. ಹಿತ್ತಲಿನ ಸೊಪ್ಪು ತಂದು ಸಹಾಯಕಿಯೂ ನಾನೂ ಅಡಿಗೆ ಹೆಚ್ಚು ಮಾಡುತ್ತಿದ್ದೆವು. ಆರು ತಿಂಗಳಲ್ಲಿ ಚಾಪೆ ತುಂಬಿತು. ತೂಕ ನೋಡಲು ಬರುವ ನರ್ಸಮ್ಮ, ನಿಮ್ಮೂರಿನವರು ಮೊದಲಿನಂತೆ ಬಿಳಿಚಿಕೊಂಡಿಲ್ಲ ಎಂದು ಹೇಳಿದಳು. ಆ ಮಾತು ನನಗೆ ಸಾಕಿತ್ತು.

ನಮ್ಮ ಮೇಲ್ವಿಚಾರಕಿ ಮೇಡಂಗೆ ಸಾಕಾಗಲಿಲ್ಲ. ಅವರು ಫೋಟೋ ತೆಗೆದು ಮೇಲಕ್ಕೆ ಕಳಿಸಿದರು. ಮೇಲಿನ ಸಾಹೇಬರು ಬಂದು ನೋಡಿ ಹೋದರು. ನಾನು ಹೆಸರೇ ಇಡದಿದ್ದ ಕೆಲಸಕ್ಕೆ 'ಅತ್ತೆ ಸೊಸೆ ಸಹಭೋಜನ' ಎಂದು ಹೆಸರು ಬಂತು, ಹಿಂದೆಯೇ ತುಂಬಬೇಕಾದ ಒಂದು ನಮೂನೆಯೂ ಬಂತು. ಕಡೂರು, ತರೀಕೆರೆ, ಅಜ್ಜಂಪುರದ ಎಲ್ಲ ಕೇಂದ್ರಗಳಲ್ಲೂ ಇದೇ ನಡೆಯಬೇಕು, ನಾನು ವಾರಕ್ಕೆ ಎರಡು ದಿನ ಊರೂರಿಗೆ ಹೋಗಿ ಕಲಿಸಬೇಕು ಎಂದು ಆದೇಶವಾಯಿತು. ಆ ಎರಡು ದಿನ ನಮ್ಮ ಮಕ್ಕಳ ಗತಿ ಏನೆಂದು ಯಾರೂ ಕೇಳಲಿಲ್ಲ. ನಾನೂ ಗಟ್ಟಿಯಾಗಿ ಕೇಳಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಕೊಬ್ಬು ಬಂದಿತ್ತು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಮೇಡಂ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದೆ.

ಹೋದ ಕಡೆಯೆಲ್ಲ ಅಲ್ಲಿನ ಕಾರ್ಯಕರ್ತೆಯರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಸಿಂಗಟಗೆರೆ ಕಡೆ ಒಬ್ಬಾಕೆ ನನ್ನ ಮಾತು ಮುಗಿಯುವವರೆಗೂ ತಲೆಯೆತ್ತದೆ ಅಕ್ಕಿ ಆರಿಸುತ್ತಿದ್ದಳು. ಹೊಟ್ಟೆಕಿಚ್ಚು ಅಂದುಕೊಂಡೆ.

ಬುಕ್ಕಾಂಬುಧಿಯ ಆಚೆಗಿನ ಒಂದು ಸಣ್ಣ ಊರಿಗೆ ಹೋದದ್ದು ಈರುಳ್ಳಿ ಕೀಳುವ ಕಾಲದಲ್ಲಿ. ಅಲ್ಲಿನ ಕಾರ್ಯಕರ್ತೆ ನನಗಿಂತ ಹದಿನೈದು ವರ್ಷ ದೊಡ್ಡವರು. ಬನ್ನಿ ಅನ್ನಲಿಲ್ಲ, ಕೂರಿ ಅನ್ನಲಿಲ್ಲ. ಮೇಡಂ ಹೊರಗೆ ಫೋನಿನಲ್ಲಿದ್ದಾಗ ನನ್ನನ್ನು ಅಡಿಗೆಮನೆಯ ಬಾಗಿಲಿಗೆ ಕರೆದರು.

"ಈ ಊರಲ್ಲಿ ಅತ್ತೇರನ್ನ ಕರೀಬೇಡಮ್ಮ. ನನ್ನ ಮಾತು ಕೇಳು."

ಯಾಕೆಂದು ಕೇಳಿದೆ. ಅಷ್ಟರಲ್ಲಿ ಮೇಡಂ ಒಳಗೆ ಬಂದರು, ಆ ಅಕ್ಕ ಬಾಯಿ ಮುಚ್ಚಿಕೊಂಡರು. ಕೆಲಸಗಳ್ಳತನ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಮೇಡಂಗೆ ಕೇಳಿಸುವಂತೆಯೇ, "ಕರೆದ್ರೆ ಬರ್ತಾರೆ ಅಕ್ಕ, ಕರೆಯೋ ಮನಸ್ಸು ಬೇಕಷ್ಟೆ" ಅಂದೆ. ಆ ಅಕ್ಕ ಮಕ್ಕಳ ಕಡೆ ಹೋದರು.

ಮೇಡಂ ಜೊತೆ ಮನೆಮನೆಗೆ ಹೋಗಿ ಕರೆದೆ. ಆಫೀಸಿನವರು ಬಂದಿದ್ದಾರೆಂದು ಏಳೆಂಟು ಅತ್ತೆಯರು ಬಂದು ಕೂತರು. ಅವರನ್ನು ಖುಷಿಪಡಿಸಲು ನಾನು ಹಾಜರಿ ಪುಸ್ತಕ ತೆರೆದೆ. ನೋಡಿದರೆ ಒಂಬತ್ತು ಬಸುರಿಯರಲ್ಲಿ ಎಂಟು ಜನ ದಿನಾ ಉಂಡ ಲೆಕ್ಕವಿತ್ತು. ಇಷ್ಟು ಚೆನ್ನಾಗಿ ನಡೆಯುತ್ತಿರುವ ಕಡೆ ನನಗೇನು ಕೆಲಸ ಎಂಬ ಯೋಚನೆ ಬರಲಿಲ್ಲ. ನಿಮ್ಮ ಸೊಸೆಯರು ಇಲ್ಲಿ ದಿನಾ ಹೊಟ್ಟೆತುಂಬ ಉಣ್ಣುತ್ತಿದ್ದಾರೆ ಎಂದು ಒಂದೊಂದೇ ಹೆಸರು ಓದಿದೆ.

ಮುಂದೆ ಕೂತಿದ್ದ ಒಬ್ಬ ಹೆಂಗಸು, "ನನ್ನ ಸೊಸೆ ಇಲ್ಲಿ ಉಣ್ತಾಳಾ?" ಅಂದಳು.

ಹೌದು ಅಂದೆ. ಅವಳು ಅಡಿಗೆಮನೆಯ ಬಾಗಿಲಲ್ಲಿ ಸಾಂಬಾರಿನ ಪಾತ್ರೆ ಹಿಡಿದು ನಿಂತಿದ್ದ ಸಹಾಯಕಿಯನ್ನು ನೋಡಿದಳು.

"ಇವಳು ಬೇಯಿಸಿದ್ದನ್ನಾ?"

ಕೂಗಲಿಲ್ಲ, ಬೈಯಲಿಲ್ಲ. ಸೆರಗು ಕೊಡವಿಕೊಂಡು ಎದ್ದಳು. ಉಳಿದವರೂ ಎದ್ದರು. ಬಡಿಸಿದ್ದ ತಟ್ಟೆಗಳು ಹಾಗೇ ಉಳಿದವು. ಅದೇ ಹೊತ್ತಿಗೆ ಆ ಸೊಸೆ ತನ್ನ ದೊಡ್ಡ ಮಗುವನ್ನು ಕರೆದೊಯ್ಯಲು ಬಂದಳು. ಎಂಟು ತಿಂಗಳಾಗಿತ್ತು, ಮೆಲ್ಲಗೆ ಬರುತ್ತಿದ್ದಳು. ಬಾಗಿಲಲ್ಲಿ ಅತ್ತೆಯ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿದುಹೋಯಿತು. ಅತ್ತೆ ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೋದಳು. ಮೇಡಂ ಆಗಲೇ, ಎಲ್ಲರೂ ಕೂತಿದ್ದಾಗಲೇ, ಫೋಟೋ ತೆಗೆದು ಮುಗಿಸಿದ್ದರು.

ಮೇಡಂ ಕಾರಿನ ಕಡೆ ಹೋದ ಮೇಲೆ ಆ ಕಾರ್ಯಕರ್ತೆ ನನ್ನ ಎದುರು ಬಂದು ನಿಂತರು.

"ನಿಮ್ಮೂರಲ್ಲಿ ಅಡಿಗೆ ಮಾಡೋಳು ಯಾರಮ್ಮ?"

"ನಮ್ಮೋಳೇ."

"ಉಣ್ಣೋರು?"

ನಮ್ಮದು ಕುರಿ ಸಾಕುವವರ ಊರು. ಬೇಯಿಸುವವಳು, ಬಡಿಸುವವಳು, ಉಣ್ಣುವವರು ಎಲ್ಲ ಒಂದೇ ಜನ. ಅದು ನಮ್ಮ ಕೆಲಸ ಗೆದ್ದುದಕ್ಕೆ ಒಂದು ಕಾರಣವೆಂದು ಅವತ್ತಿನವರೆಗೂ ನನ್ನ ತಲೆಗೆ ಬಂದಿರಲಿಲ್ಲ. ಈ ಅಕ್ಕನೂ ಅವರ ಸಹಾಯಕಿಯೂ ಊರಾಚೆಯ ಕೇರಿಯವರು. ಅಕ್ಕನ ಮನೆಯವರು ಅವರ ತಂದೆಯ ಕಾಲಕ್ಕೇ ಬೌದ್ಧರಾಗಿದ್ದರು. ಅದಕ್ಕೆಂದು ಊರು ತನ್ನ ನಡತೆ ಬದಲಿಸಿರಲಿಲ್ಲ.

"ನಿಮ್ಮನೇಲಿ ನೀವು ಉಂಡಂಗೆ ಅದು. ಅದನ್ನ ತಗಂಬಂದು ನಂಗೆ ಕಲಿಸ್ತೀಯಾ? ನೀನು ಬಾಯಿ ತೆಗೆಯೋವರ್ಗೂ ಆ ಹುಡುಗಿ ಉಣ್ತಿದ್ಲು ಕಣಮ್ಮ."

ಆಮೇಲೆ ಅವರು ಸಿಟ್ಟಿನಲ್ಲೇ ಎಲ್ಲ ಹೇಳಿದರು. ಎರಡು ವರ್ಷ ಒಬ್ಬೊಬ್ಬಳನ್ನೇ ಒಲಿಸಿಕೊಂಡಿದ್ದರು. ಮಗು ಇರುವವಳಿಗೆ ಊಟದ ಹೊತ್ತಿಗೆ ಮಗುವನ್ನು ಮನೆಗೆ ಕರೆದೊಯ್ಯುವ ನೆಪ, ಚೊಚ್ಚಲು ಬಸುರಿಗೆ ತೂಕ ನೋಡಿಸುವ ನೆಪ. ಒಳಗಿನ ಕೋಣೆಯಲ್ಲಿ ಅಕ್ಕಿ ಮೂಟೆಗಳ ನಡುವೆ ಕೂರಿಸಿ, ಬಾಗಿಲು ಅರ್ಧ ಮುಂದೂಡಿ ಬಡಿಸುತ್ತಿದ್ದರು. ಮೊಟ್ಟೆಯ ವಾಸನೆ ಹೋಗಲೆಂದು ಕೈ ತೊಳೆಯಲು ಸೀಗೆಪುಡಿ ಕೊಡುತ್ತಿದ್ದರು. ಉಂಡವರು ಯಾರೂ ಇನ್ನೊಬ್ಬರ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಆ ಊರ ಹೆಂಗಸರು ಎರಡು ವರ್ಷ ಬಾಯಿ ಬಿಡದೆ ಉಳಿಸಿಕೊಂಡದ್ದನ್ನು ನಾನು ಐದು ನಿಮಿಷದಲ್ಲಿ ಹೆಸರು ಹಿಡಿದು ಓದಿ ಮುಗಿಸಿದ್ದೆ.

ಮಾರನೆಯ ದಿನದಿಂದ ಅಲ್ಲಿಗೆ ಯಾರೂ ಉಣ್ಣಲು ಬರುತ್ತಿಲ್ಲವೆಂದು ನಮ್ಮ ನರ್ಸಮ್ಮನಿಂದ ತಿಳಿಯಿತು. ಮೇಡಂಗೆ ಹೇಳಿದೆ. ಫೋಟೋ ಚೆನ್ನಾಗಿ ಬಂದಿದೆ, ಮುಂದಿನ ವಾರ ತರೀಕೆರೆ, ಸಿದ್ಧವಾಗಿರಿ ಎಂದರು.

ಆ ಭಾನುವಾರ ಯಾರಿಗೂ ಹೇಳದೆ ಕಡೂರಿಗೆ ಒಂದು ಬಸ್ಸು, ಅಲ್ಲಿಂದ ಅಜ್ಜಂಪುರಕ್ಕೆ ಇನ್ನೊಂದು ಹತ್ತಿ, ಮುಂದೆ ಆಟೋ ಹಿಡಿದು ಆ ಅತ್ತೆಯ ಮನೆಗೆ ಹೋದೆ. ಅವಳು ಅಂಗಳದಲ್ಲೇ ನಿಲ್ಲಿಸಿ, ಯಾವೂರು, ಯಾರ ಪೈಕಿ ಎಂದು ಕೇಳಿದಳು. ಹೇಳಿದೆ. ಕೂಡಲೇ ಮುಖ ಬದಲಾಯಿತು. ಜಗಲಿಗೆ ಕರೆದು ಚಾಪೆ ಹಾಸಿ, ಮಜ್ಜಿಗೆ ತಂದುಕೊಟ್ಟಳು. ಬಿಸಿಲಲ್ಲಿ ಬಂದಿದ್ದೆ, ಕುಡಿದೆ. ಇವತ್ತಿಗೂ ನೆನೆಸಿಕೊಂಡರೆ ಹಿಂಸೆಯಾಗುವುದು ಆ ಲೋಟ. ಆಮೇಲೆ ಸೊಸೆಯ ರಕ್ತ, ಮಗುವಿನ ತೂಕ, ದಿನ ತುಂಬುತ್ತಿರುವುದು, ಎಲ್ಲ ಹೇಳಿದೆ. ಅವಳು ನಗುತ್ತಲೇ ಕೇಳಿಸಿಕೊಂಡಳು.

"ನೀನು ಮಾಡಾಕು, ಕಳಿಸ್ತೀನಿ."

ಮಜ್ಜಿಗೆಯ ಲೋಟ ಜಗಲಿಯ ಮೇಲಿಟ್ಟು ಎದ್ದೆ. ಹಿತ್ತಲಲ್ಲಿ ಸೊಸೆ ಈರುಳ್ಳಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಲ ಕತ್ತರಿಸುತ್ತಿದ್ದಳು. ನನ್ನನ್ನು ನೋಡಿ ಬೆನ್ನು ತಿರುಗಿಸಿಕೊಂಡಳು.

ತರೀಕೆರೆಯ ಸಭೆಯಲ್ಲಿ ನಾನು ನಮ್ಮೂರಿನ ಗೆಲುವಿನ ಕತೆ ಹೇಳಬೇಕಿತ್ತು. ಮೈಕ್ ಕೈಗೆ ಬಂದಾಗ, ಅಜ್ಜಂಪುರದ ಕಡೆ ಒಂದೂರಲ್ಲಿ ಇದು ನಡೆಯಲಿಲ್ಲ, ಅಲ್ಲಿ ನಡೆಯುತ್ತಿದ್ದದ್ದನ್ನೂ ಕೆಡಿಸಿತು, ಅಡಿಗೆ ಮಾಡುವ ಕೈ ಯಾರದೆಂದು ನೋಡುವ ಊರಿಗೆ ಅತ್ತೆಯರನ್ನು ಕರೆಯುವ ಮುಂಚೆ ಅಲ್ಲಿನ ಕಾರ್ಯಕರ್ತೆಯ ಮಾತು ಕೇಳಬೇಕು ಅಂದೆ. ಮುಂದಿನ ಸಾಲಿನಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಅಲ್ಲಿ ಮೊದಲು ಏನು ನಡೆಯುತ್ತಿತ್ತು ಎಂದು ಸಾಹೇಬರು ಕೇಳಿದರು. ಒಳಕೋಣೆ, ಸೀಗೆಪುಡಿ, ನೆಪಗಳು ಎಲ್ಲ ನಾಲಿಗೆಯ ತುದಿಯಲ್ಲಿದ್ದವು. ಹೇಳಿದರೆ ಅದಕ್ಕೂ ಒಂದು ಹೆಸರಿಟ್ಟು, ನಮೂನೆ ಮಾಡಿ, ಮೂರು ತಾಲ್ಲೂಕಿಗೂ ಕಳಿಸುತ್ತಿದ್ದರು. ಗೊತ್ತಿಲ್ಲ ಸರ್ ಅಂದೆ. ಗೊತ್ತಿಲ್ಲದೆ ಯಾಕೆ ಮಾತಾಡುತ್ತೀರಿ ಎಂದು ಗದರಿ ಕೂರಿಸಿದರು. ಕಲಿಸುವವರ ಪಟ್ಟಿಯಿಂದ ನನ್ನ ಹೆಸರು ಹೋಯಿತು. ಆದೇಶ ಮಾತ್ರ ಹೋಗಲಿಲ್ಲ. ಮೇಡಂ ಈಗಲೂ ನನ್ನ ಕೇಂದ್ರಕ್ಕೆ ಬಂದರೆ ತಪ್ಪು ಹುಡುಕಲೆಂದೇ ಬರುತ್ತಾರೆ.

ಆ ಸೊಸೆಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗು ಅಂಗೈಯಗಲ ಇತ್ತಂತೆ. ಆಸ್ಪತ್ರೆಯಲ್ಲಿ ಬಹಳ ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿದರು. ಆ ಕಡೆಯ ನರ್ಸಮ್ಮ ನಮ್ಮ ನರ್ಸಮ್ಮನಿಗೆ ಹೇಳಿ ನನಗೆ ತಿಳಿಯಿತು. ಆ ಎರಡು ವಾರದ ಊಟ ತಪ್ಪದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳಲಾರೆ. ನನ್ನಿಂದ ಆದದ್ದಲ್ಲ ಎಂದೂ ಹೇಳಲಾರೆ.

ಹೋದ ವರ್ಷ ಕಡೂರಿನಲ್ಲಿ ಎಲ್ಲ ಕಾರ್ಯಕರ್ತೆಯರಿಗೆ ತರಬೇತಿ ಇತ್ತು. ಆ ಅಕ್ಕ ಬಂದಿದ್ದರು. ಪಕ್ಕದಲ್ಲಿ ಜಾಗ ಬಿಟ್ಟು ಕರೆದೆ, ಅವರು ನೋಡಿಯೂ ಮುಂದೆ ಹೋದರು. ಟೀ ಕೊಡುವ ಹೊತ್ತಿಗೆ ಹತ್ತಿರ ಹೋಗಿ ನನ್ನಿಂದ ತಪ್ಪಾಯಿತು ಎಂದು ಹೇಳಿದೆ. ಅವರು ಲೋಟದಿಂದ ಬಾಯಿ ತೆಗೆಯದೆ ಕೇಳಿಸಿಕೊಂಡರು. ಕ್ಷಮಿಸಿದೆ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಲೋಟ ಕೆಳಗಿಟ್ಟು, "ಐದು ಜನ ಬತ್ತಾವ್ರೆ ಈಗ. ಹೆಂಗೆ ಅಂತ ಕೇಳ್ಬೇಡ" ಅಂದರು.

ನಾನು ಕೇಳಲಿಲ್ಲ. ಮಧ್ಯಾಹ್ನದ ತರಗತಿ ಹೊಸ ನಮೂನೆ ತುಂಬುವುದನ್ನು ಕುರಿತಾಗಿತ್ತು. ಅವರು ಮೊದಲ ಸಾಲಿನಲ್ಲಿ, ನಾನು ಕೊನೆಯ ಸಾಲಿನಲ್ಲಿ ಕೂತು ಬರೆದುಕೊಂಡೆವು.